ಮೂರನೇ ರೌಂಡಿಗೆ ಮುಂಚೆ ಸ್ವಲ್ಪ ಹೊತ್ತು ಸುಮ್ನೆ ಕೂತು ನೋಡಿ

1600 ಮೀಟರ್ ಅಂದರೆ ಟ್ರ್ಯಾಕಿನಲ್ಲಿ ನಾಲ್ಕು ರೌಂಡ್, ಓಟ ಕೈ ತಪ್ಪೋದು ಮೂರನೇ ರೌಂಡಿನಲ್ಲಿ. ಮೊದಲ ರೌಂಡಿಗೆ ಹುರುಪು ಇರುತ್ತದೆ. ಎರಡನೆಯದಕ್ಕೆ ಅದರ ಉಳಿಕೆ ಸಾಕಾಗುತ್ತದೆ. ನಾಲ್ಕನೆಯದರಲ್ಲಿ ಮುಗಿಯುವ ಗೆರೆ ಕಾಣುತ್ತದೆ, ಹೇಗೋ ಓಡಿಬಿಡುತ್ತಾರೆ. ಮೂರನೆಯದರಲ್ಲಿ ಮಾತ್ರ ಆಸರೆಗೆ ಏನೂ ಇಲ್ಲ. ತೊಡೆ ಉರಿಯುತ್ತಿರುತ್ತದೆ, ಉಸಿರು ಸಾಲುವುದಿಲ್ಲ, ಇನ್ನೂ ಅರ್ಧ ಬಾಕಿ ಇದೆ, ಮುಂದಿನವನ ಬೆನ್ನು ದೂರ ಹೋಗುತ್ತಿದೆ. ಧಾರವಾಡದ ಮೈದಾನದಲ್ಲಿ ಬೆಳಗ್ಗೆ ಓಡುವ ಹುಡುಗರ ಬಾಯಲ್ಲಿ ನಾನು ಜಾಸ್ತಿ ಕೇಳಿದ ಮಾತು ಇದೇ: "ಸರ, ಮೂರನೇ ರೌಂಡಿಗೆ ಕಾಲ ಎತ್ತಾಕ ಆಗವಲ್ದು."

ಧಾರವಾಡದಲ್ಲಿ 1600 ಮೀಟರ್ ಅಂದರೆ ಬರೀ ಆಟ ಅಲ್ಲ, ಅದು ನೌಕರಿ. ಸಪ್ತಾಪುರದ ಸುತ್ತ ಕೋಚಿಂಗ್ ಸೆಂಟರ್, ರೀಡಿಂಗ್ ರೂಮ್, ಪಿಜಿಗಳಲ್ಲಿ ರೋಣ, ಮುಂಡರಗಿ, ಸವಣೂರು, ಹಾನಗಲ್, ನರಗುಂದ ಕಡೆಯ ಮಕ್ಕಳು ತುಂಬಿದ್ದಾರೆ. ಪೊಲೀಸ್ ಕಾನ್‌ಸ್ಟೇಬಲ್ ಆಗಬೇಕಾದರೆ ಹುಡುಗರು 1600 ಮೀಟರನ್ನು 6 ನಿಮಿಷ 30 ಸೆಕೆಂಡಿನಲ್ಲಿ ಮುಗಿಸಬೇಕು. ಹುಡುಗಿಯರಿಗೆ 400 ಮೀಟರ್, 2 ನಿಮಿಷ. ಸೇನೆಯ ಅಗ್ನಿವೀರ್ ಭರ್ತಿ ರ‍್ಯಾಲಿಯಲ್ಲಿ ಓಟದ ಪೂರ್ತಿ 60 ಅಂಕ ಬೇಕೆಂದರೆ 1.6 ಕಿಲೋಮೀಟರ್ 5 ನಿಮಿಷ 30 ಸೆಕೆಂಡಿನ ಒಳಗೆ ಆಗಬೇಕು. ಅದರ ಮೇಲೆ ಒಂದು ಸೆಕೆಂಡ್ ಜಾಸ್ತಿಯಾದರೂ ಅಂಕ ಇಳಿಯುತ್ತದೆ. ಮನೆಯಲ್ಲಿ ಅಪ್ಪ ಹೊಲದ ಮೇಲೆ ಸಾಲ ಮಾಡಿ ಪಿಜಿ ಬಾಡಿಗೆ ಕಳಿಸುತ್ತಿರುತ್ತಾನೆ, ನೋಟಿಫಿಕೇಶನ್ ಯಾವಾಗ ಬರುತ್ತದೋ ಗೊತ್ತಿರುವುದಿಲ್ಲ, ವಯಸ್ಸು ಮಾತ್ರ ಏರುತ್ತಲೇ ಇರುತ್ತದೆ. ಇಷ್ಟನ್ನೆಲ್ಲ ತಲೆಯಲ್ಲಿ ಹೊತ್ತುಕೊಂಡು ಓಡುವವನ ಕಾಲಿನ ಬಗ್ಗೆ ಮಾತ್ರ ಮಾತಾಡಿದರೆ ಸಾಕಾ? ನನಗೆ ಸಾಕು ಅನಿಸುವುದಿಲ್ಲ.

ನಾನು ಕಾಲೇಜಿನಲ್ಲಿ 800, 1500 ಮೀಟರ್ ಓಡಿದವನು. ಈಗ ಬೆಳಗಿನ ಹೊತ್ತು ಸ್ಟಾಪ್‌ವಾಚ್ ಹಿಡಿದು ಈ ಮಕ್ಕಳ ಜೊತೆ ಇರುತ್ತೇನೆ. ಓಟ ಕಲಿಸುವಾಗ ಧ್ಯಾನವನ್ನೂ ಕಲಿಸುತ್ತೇನೆ ಅಂದರೆ ಕೆಲವರು ಹುಬ್ಬೇರಿಸುತ್ತಾರೆ. ಅದಕ್ಕೇ ಯಾಕೆ, ಹೇಗೆ ಅಂತ ಇಲ್ಲಿ ಬಿಡಿಸಿ ಬರೆಯುತ್ತಿದ್ದೇನೆ.

ಮೂರನೇ ರೌಂಡಿನ ಕಷ್ಟ ನಮ್ಮ ಹುಡುಗರಿಗೆ ಮಾತ್ರ ಇರುವಂಥದ್ದಲ್ಲ. 1954ರ ಮೇ 6ರಂದು ಆಕ್ಸ್‌ಫರ್ಡಿನ ಇಫ್ಲಿ ರೋಡ್ ಟ್ರ್ಯಾಕಿನಲ್ಲಿ ರೋಜರ್ ಬ್ಯಾನಿಸ್ಟರ್ ಒಂದು ಮೈಲಿಯನ್ನು 3 ನಿಮಿಷ 59.4 ಸೆಕೆಂಡಿನಲ್ಲಿ ಓಡಿದರು. ನಾಲ್ಕು ನಿಮಿಷದ ಒಳಗೆ ಮೈಲಿ ಓಡಿದ ಮೊದಲ ಮನುಷ್ಯ. ಮೈಲಿ ಅಂದರೆ ಸುಮಾರು 1609 ಮೀಟರ್, ಹೆಚ್ಚು ಕಡಿಮೆ ನಮ್ಮದೇ ದೂರ. ಅವರ ನಾಲ್ಕು ಸುತ್ತಿನ ಟೈಮಿಂಗ್ ನೋಡಿ: 57.5, 60.7, 62.3, 58.9. ಮೂರನೆಯದೇ ಎಲ್ಲಕ್ಕಿಂತ ನಿಧಾನ. ಈ ನಾಲ್ಕು ಅಂಕಿಗಳನ್ನು ನಾನು ಪ್ರತಿ ಹೊಸ ಬ್ಯಾಚಿಗೂ ಹೇಳುತ್ತೇನೆ. ತನಗೆ ಆಗುತ್ತಿರುವುದು ತನ್ನೊಬ್ಬನ ದೌರ್ಬಲ್ಯ ಅಂತ ಕುಗ್ಗಿದ ಹುಡುಗನ ಮುಖ ಅಲ್ಲೇ ಸ್ವಲ್ಪ ಸಡಿಲಾಗುತ್ತದೆ.

ಆದರೆ ಬ್ಯಾನಿಸ್ಟರ್ ಮೊದಲ ಮತ್ತು ಮೂರನೇ ಸುತ್ತಿನ ನಡುವೆ ಕಳೆದುಕೊಂಡದ್ದು ಐದು ಸೆಕೆಂಡು ಕೂಡ ಅಲ್ಲ. ನಮ್ಮಲ್ಲಿ ಹಾಗಿಲ್ಲ. 5 ನಿಮಿಷ 30 ಸೆಕೆಂಡಿಗೆ ಒಂದು ಸುತ್ತಿಗೆ ಎಂಬತ್ತೆರಡೂವರೆ ಸೆಕೆಂಡು ಸಾಕು. ಆದರೆ ಸೀಟಿ ಊದಿದ ಕೂಡಲೇ ಹಾವೇರಿ ಕಡೆ ಹಬ್ಬದಲ್ಲಿ ಹೋರಿ ಬಿಟ್ಟಂಗೆ ಓಡುತ್ತಾರೆ, ಮೊದಲ ರೌಂಡ್ 70 ಸೆಕೆಂಡಿಗೆ ಮುಗಿಸಿಬಿಡುತ್ತಾರೆ. ಐದಾರು ನಿಮಿಷದ ಓಟಕ್ಕೆ ಬೇಕಾದ ಶಕ್ತಿಯಲ್ಲಿ ಬಹುಪಾಲು ಆಮ್ಲಜನಕದಿಂದಲೇ ಬರಬೇಕು. ಅದಕ್ಕೆ ಮೀರಿದ ವೇಗದಲ್ಲಿ ಶುರು ಮಾಡಿದರೆ ಸ್ನಾಯುವಿನಲ್ಲಿ ಆಮ್ಲ ಬೇಗ ಸೇರುತ್ತದೆ, ಅದರ ಬಿಲ್ ಮೂರನೇ ರೌಂಡಿನಲ್ಲಿ ಬರುತ್ತದೆ. ಇದು ಅವರಿಗೆ ಗೊತ್ತಿಲ್ಲವಾ? ಗೊತ್ತು. ಕೇಳಿದರೆ ಪಾಠ ಒಪ್ಪಿಸಿದ ಹಾಗೆ ಹೇಳುತ್ತಾರೆ. ಗೊತ್ತಿದ್ದೂ 70ಕ್ಕೆ ಓಡುತ್ತಾರೆ, ಯಾಕೆಂದರೆ ಆ ಗಳಿಗೆಯಲ್ಲಿ ಓಡಿಸುತ್ತಿರೋದು ಹೆದರಿಕೆ.

ಧ್ಯಾನ ನನಗೆ ಬೇಕಾಗಿದ್ದು ಇಲ್ಲಿ.

ಧ್ಯಾನ ಅಂದ ತಕ್ಷಣ ಎಲ್ಲರೂ ಹೇಳೋದು ಮನಸ್ಸು ಶಾಂತ ಆಗುತ್ತದೆ ಅಂತ. ಓಟಗಾರನಿಗೆ ಈ ಮಾತು ಅರ್ಧ ಮಾತ್ರ ಕೆಲಸಕ್ಕೆ ಬರುತ್ತದೆ. 2008ರಲ್ಲಿ ಬೀಜಿಂಗ್‌ನಲ್ಲಿ ಅಭಿನವ್ ಬಿಂದ್ರಾ ಏರ್ ರೈಫಲ್ ಫೈನಲ್‌ನ ಕೊನೆಯ ಗುಂಡಿಗೆ 10.8 ಹೊಡೆದು ಚಿನ್ನ ಗೆದ್ದರಲ್ಲ, ಅಲ್ಲಿ ಕೈ ನಡುಗಬಾರದು, ಎದೆಬಡಿತ ಕೂಡ ತಗ್ಗಿರಬೇಕು. 1600 ಮೀಟರ್ ಓಟಕ್ಕೆ ಎದೆ ಹೊಡೆದುಕೊಳ್ಳಲೇಬೇಕು, ಮೈ ಬಿಸಿಯಾಗಲೇಬೇಕು. ಉದ್ವೇಗ ತೀರಾ ಕಡಿಮೆಯಾದರೂ ಕೆಲಸ ಕೆಡುತ್ತದೆ, ಮಿತಿ ಮೀರಿದರೂ ಕೆಡುತ್ತದೆ ಅಂತ ಯರ್ಕ್ಸ್ ಮತ್ತು ಡಾಡ್ಸನ್ ಎಂಬ ಇಬ್ಬರು ಮನಶ್ಶಾಸ್ತ್ರಜ್ಞರ 1908ರ ಪ್ರಯೋಗದಿಂದಲೂ ಹೇಳುತ್ತಾ ಬಂದಿದ್ದಾರೆ. ಆದ್ದರಿಂದ ನಾನು ಹುಡುಗರಿಗೆ ಶಾಂತಿಯ ಆಸೆ ತೋರಿಸುವುದಿಲ್ಲ. ಒಳಗೆ ಏನು ನಡೀತಾ ಇದೆ ಅನ್ನೋದು ಬೇಗ ಗೊತ್ತಾಗಲಿ, ಅಷ್ಟೇ ಕೇಳುತ್ತೇನೆ. ಹೆದರಿಕೆ ಬಂದದ್ದು ಮೊದಲ ನೂರು ಮೀಟರ್‌ನಲ್ಲೇ ತಿಳಿದರೆ ವೇಗ ಸರಿ ಮಾಡಿಕೊಳ್ಳಬಹುದು. ಎಂಟುನೂರರಲ್ಲಿ ತಿಳಿದರೆ ಏನೂ ಮಾಡಲಾಗದು.

ಮಾಡುವ ರೀತಿ ತೀರಾ ಸರಳ. ವಾರ್ಮ್‌ಅಪ್‌ಗೆ ಮುಂಚೆ ಮೈದಾನದ ಮೆಟ್ಟಿಲ ಮೇಲೆ ಹತ್ತು ನಿಮಿಷ ಕೂರುವುದು. ಬೆನ್ನು ನೇರ, ಕಣ್ಣು ಮುಚ್ಚಿದರೂ ಸರಿ, ಅರ್ಧ ತೆರೆದರೂ ಸರಿ. ಉಸಿರು ತಾನಾಗಿ ಹೋಗಿ ಬರಲಿ, ಪ್ರತಿ ಸಲ ಬಿಟ್ಟಾಗ ಒಂದು ಎಣಿಸಿ, ಹತ್ತಕ್ಕೆ ಮುಟ್ಟಿದರೆ ಮತ್ತೆ ಒಂದರಿಂದ. ಹತ್ತರವರೆಗೆ ಯಾರೂ ಹೋಗಲ್ಲ! ಮೂರಕ್ಕೆ ಬರುವಷ್ಟರಲ್ಲಿ ಕರೆಂಟ್ ಅಫೇರ್ಸ್ ನೋಟ್ಸು, ಮೆಸ್ಸಿನ ಬಾಕಿ, ಅವ್ವನ ಮೊಣಕಾಲು ನೋವು ಎಲ್ಲಾ ಬರುತ್ತವೆ. ಬರಲಿ. ಮನಸ್ಸು ಎಲ್ಲಿಗೋ ಹೋಗಿತ್ತು ಅಂತ ಗೊತ್ತಾಗೋದೇ ಇಲ್ಲಿನ ಕಸರತ್ತು, ಹೋಗಿದ್ದಕ್ಕೆ ಬೈದುಕೊಳ್ಳದೆ ವಾಪಸ್ ಒಂದಕ್ಕೆ ಬರುವುದು.

ಆಮೇಲೆ ಸೊಳ್ಳೆ ಕಚ್ಚುತ್ತದೆ. ಕಾಲು ಜುಮ್ ಅನ್ನುತ್ತದೆ. ಮೂಗಿನ ತುದಿ ಕೆರೆಯಬೇಕು ಅನಿಸುತ್ತದೆ. ಇಲ್ಲಿ ನಾನು ಒಂದು ಮಾತು ಹೇಳುತ್ತೇನೆ: ತಕ್ಷಣ ಕೈ ಎತ್ತಬೇಡ, ಐದು ಉಸಿರು ನೋಡು. ಆ ತುರಿಕೆ ಎಲ್ಲಿ ಶುರುವಾಗುತ್ತದೆ, ಎಷ್ಟು ಜಾಗ ಹಿಡಿದಿದೆ, ಏರುತ್ತಿದೆಯಾ ಇಳಿಯುತ್ತಿದೆಯಾ ಅಂತ ನೋಡು. ಬಹಳ ಸಲ ಅದು ತಾನೇ ಇಳಿಯುತ್ತದೆ. ಇಳಿಯದಿದ್ದರೆ ಕೆರೆದುಕೋ, ಪಾಪ ಏನಿಲ್ಲ. ಮೂರನೇ ರೌಂಡಿನ ಉರಿಯನ್ನು ನೋಡುವ ಕಣ್ಣು ಬರೋದು ಇಲ್ಲಿಂದಲೇ. ಉರಿ ಇದೆ, ಸರಿ. ಆದರೆ ಉರಿ ಬಂದ ಕೂಡಲೇ ಮನಸ್ಸು ಒಂದು ಕಥೆ ಶುರು ಮಾಡುತ್ತದೆ: ಮುಗೀತು, ಈ ಸಲನೂ ಇಲ್ಲ, ಅಪ್ಪನಿಗೆ ಏನು ಹೇಳಲಿ, ಊರಲ್ಲಿ ಮುಖ ಹೇಗೆ ತೋರಿಸಲಿ. ಕಾಲಿನ ಉರಿಗೆ ಭುಜ ಬಿಗಿಯುವುದಿಲ್ಲ. ಈ ಕಥೆಗೆ ಬಿಗಿಯುತ್ತದೆ. ಹಲ್ಲು ಕಚ್ಚುತ್ತಾರೆ, ಮುಷ್ಟಿ ಹಿಡಿಯುತ್ತಾರೆ, ಕತ್ತು ಹಿಂದಕ್ಕೆ ಹೋಗುತ್ತದೆ, ಹೆಜ್ಜೆ ಗಿಡ್ಡ ಆಗುತ್ತದೆ. ಇದು ದೂರದಿಂದ ನೋಡುವ ನನಗೆ ಸ್ಪಷ್ಟವಾಗಿ ಕಾಣುತ್ತದೆ, ಓಡುವವನಿಗೆ ಕಾಣುವುದಿಲ್ಲ. ಕೂತು ರೂಢಿಯಾದವನಿಗೆ ಕಾಣತೊಡಗುತ್ತದೆ. ಅವನು ದವಡೆ ಬಿಡುತ್ತಾನೆ, ಬೆರಳು ಸಡಿಲ ಮಾಡುತ್ತಾನೆ, ಮುಂದಿನ ಐವತ್ತು ಹೆಜ್ಜೆ ಅಷ್ಟೇ ನೋಡುತ್ತಾನೆ.

ಬಂದ ಭಾವನೆಗೆ ಒಂದು ಹೆಸರು ಕೊಡುವುದನ್ನೂ ಕಲಿಸುತ್ತೇನೆ. ಮನಸ್ಸಿನಲ್ಲೇ "ಹೆದರಿಕೆ" ಅಂತ, "ಸಿಟ್ಟು" ಅಂತ, "ನಾಚಿಕೆ" ಅಂತ. ಸುಮ್ನೆ ಹೆಸರು ಹೇಳಿದರೆ ಏನಾಗುತ್ತದೆ ಅನಿಸಬಹುದು. ಕ್ಯಾಲಿಫೋರ್ನಿಯಾದ ಯುಸಿಎಲ್‌ಎ ವಿಶ್ವವಿದ್ಯಾಲಯದ ಸಂಶೋಧಕರು 2007ರಲ್ಲಿ ಪ್ರಕಟಿಸಿದ ಮೆದುಳಿನ ಸ್ಕ್ಯಾನ್ ಅಧ್ಯಯನದಲ್ಲಿ, ಎದುರಿನ ಮುಖದಲ್ಲಿರುವ ಭಾವನೆಗೆ ಜನ ಹೆಸರು ಕೊಟ್ಟಾಗ ಭಯದ ಜೊತೆ ನಂಟಿರುವ ಅಮಿಗ್ಡಲಾ ಭಾಗದ ಚಟುವಟಿಕೆ ತಗ್ಗಿದ್ದು ಕಂಡಿತು. ನಾನು ಮೈದಾನದಲ್ಲಿ ನೋಡೋದಕ್ಕೂ ಇದಕ್ಕೂ ತಾಳೆಯಾಗುತ್ತದೆ. "ಸರ, ಎದಿ ಢವಢವ ಅಂತೈತ್ರಿ, ನನ್ನ ಕೈಲೆ ಆಗೂದಿಲ್ಲ" ಅನ್ನುತ್ತಿದ್ದ ಹುಡುಗ ಸ್ವಲ್ಪ ದಿನ ಬಿಟ್ಟು "ಸರ, ಹೆದರಿಕಿ ಬಂದೈತ್ರಿ" ಅನ್ನುತ್ತಾನೆ. ಹೆದರಿಕೆ ಬಂದಿರೋದು ಬೇರೆ, ಕೈಲಿ ಆಗದೇ ಇರೋದು ಬೇರೆ ಅಂತ ಅವನಿಗೇ ಗೊತ್ತಾಗಿರುತ್ತದೆ.

ಇದೆಲ್ಲ ಹೊರಗಿನಿಂದ ಬಂದ ಫ್ಯಾಷನ್ ಅಂತ ಯಾರಾದರೂ ಅಂದರೆ ನಾನು ಅವರವರ ಮನೆಯನ್ನೇ ನೆನಪಿಸುತ್ತೇನೆ. ಈ ಹುಡುಗರಲ್ಲಿ ಎಷ್ಟೋ ಜನರ ಅಜ್ಜ ಅಜ್ಜಿ ದಿನಾ ಬೆಳಗ್ಗೆ ಎಡ ಅಂಗೈಯಲ್ಲಿ ಇಷ್ಟಲಿಂಗ ಇಟ್ಟುಕೊಂಡು ರೆಪ್ಪೆ ಬಡಿಯದೆ ನೋಡುತ್ತಾ ಕೂತವರು. ಹುಬ್ಬಳ್ಳಿ ಸಿದ್ಧಾರೂಢ ಮಠದಲ್ಲಿ ಕೂತು ಓಂ ನಮಃ ಶಿವಾಯ ಜಪಿಸಿ ಬಂದವರಿದ್ದಾರೆ. ನಮ್ಮ ಜೊತೆ ಓಡುವ ಮುಸ್ಲಿಂ ಹುಡುಗರು ಬೆಳಗಿನ ನಮಾಜು ಮುಗಿಸಿಯೇ ಮೈದಾನಕ್ಕೆ ಬರುತ್ತಾರೆ, ಅವರಿಗೆ ಒಂದೇ ಕಡೆ ಗಮನ ಇಟ್ಟು ನಿಲ್ಲೋದು ಹೊಸದಲ್ಲ. ಧಾರವಾಡದಲ್ಲಿ ಸಂಗೀತ ಕಲಿಯುವವರು ನಸುಕಿನಲ್ಲಿ ಮಂದ್ರದ ಷಡ್ಜ, ಅಂದರೆ ಕೆಳಗಿನ 'ಸ' ಸ್ವರ, ಹಿಡಿದು ಉಸಿರು ಮುಗಿಯುವ ತನಕ ಎಳೆಯುವ ಖರ್ಜದ ಸಾಧನೆಯನ್ನು ಕೇಳಿದವರಿಗೆ, ಉದ್ದ ಉಸಿರು ಬಿಡೋದು ಅಂದರೆ ಏನು ಅಂತ ನಾನು ವಿವರಿಸಬೇಕಾಗಿಲ್ಲ. ಆಟದ ತರಬೇತಿಗೆ ಇದನ್ನು ತಂದದ್ದು ಬೇರೆಯವರು, ಅಷ್ಟೇ. ಅಮೆರಿಕದ ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯದಲ್ಲಿ ಜಾನ್ ಕಬಾಟ್-ಝಿನ್ 1979ರಲ್ಲಿ ಧ್ಯಾನದ ಕ್ರಮ ಶುರು ಮಾಡಿದರು. ಅಲ್ಲಿಗೆ ಬಂದವರಲ್ಲಿ ದೀರ್ಘಕಾಲದ ನೋವಿನ ರೋಗಿಗಳೇ ಬಹಳ. 1984ರ ಒಲಿಂಪಿಕ್ಸ್‌ಗೆ ಹೊರಟಿದ್ದ ಅಮೆರಿಕದ ದೋಣಿ ಓಟದ ಆಟಗಾರರಿಗೂ ಅವರು ಕಲಿಸಿದರು. ನೋವಿನ ರೋಗಿಗೂ ದೋಣಿ ನಡೆಸುವವನಿಗೂ ಒಂದೇ ಅಭ್ಯಾಸ ಯಾಕೆ ಕೆಲಸಕ್ಕೆ ಬಂತು ಅನ್ನೋದು ಮೂರನೇ ರೌಂಡ್ ಓಡಿದವರಿಗೆ ತಾನೇ ಅರ್ಥ ಆಗುತ್ತದೆ.

ಉದ್ದ ಉಸಿರಿನ ಉಪಯೋಗ ಓಡುವಾಗ ಇಲ್ಲ, ಕಾಯುವಾಗ ಇದೆ. ರ‍್ಯಾಲಿಗೆ ಹೋದವರಿಗೆ ಗೊತ್ತು. ರಾತ್ರಿಯೇ ಹೋಗಿ ಸಾಲಿನಲ್ಲಿ ಕೂರಬೇಕು, ದಾಖಲೆ ತೋರಿಸಬೇಕು, ಎತ್ತರ ಅಳೆಸಬೇಕು, ತಮ್ಮ ಬ್ಯಾಚಿನ ಸರದಿ ಬರುವಷ್ಟರಲ್ಲಿ ಗಂಟೆಗಳು ಹೋಗಿರುತ್ತವೆ. ಆ ಹೊತ್ತಿನಲ್ಲೇ ಅರ್ಧ ಶಕ್ತಿ ಸೋರಿಹೋಗುತ್ತದೆ. ಕೈ ತಣ್ಣಗಾಗುತ್ತದೆ, ಪದೇ ಪದೇ ಮೂತ್ರಕ್ಕೆ ಹೋಗಬೇಕು ಅನಿಸುತ್ತದೆ, ಆಕಳಿಕೆ ಬರುತ್ತದೆ. ಇವೆಲ್ಲ ಮೈ ಓಟಕ್ಕೆ ಸಜ್ಜಾಗುವ ಗುರುತುಗಳು, ರೋಗವಲ್ಲ. ಆಗ ನಾಲ್ಕು ಎಣಿಸುತ್ತಾ ಉಸಿರು ಎಳೆದುಕೊಂಡು, ಆರು ಎಣಿಸುತ್ತಾ ಬಿಡಬೇಕು. ನಿಮಿಷಕ್ಕೆ ಆರು ಉಸಿರು ಆಗುತ್ತದೆ. ಉಸಿರು ಬಿಡುವಾಗ ಮೆದುಳಿನಿಂದ ಎದೆಗೆ ಇಳಿಯುವ ವೇಗಸ್ ನರದ ಮೂಲಕ ಎದೆಬಡಿತ ಸ್ವಲ್ಪ ನಿಧಾನ ಆಗುತ್ತದೆ, ಎಳೆದುಕೊಳ್ಳುವಾಗ ಸ್ವಲ್ಪ ಏರುತ್ತದೆ. ನಿಮ್ಮ ನಾಡಿ ಹಿಡಿದು ನೀವೇ ನೋಡಬಹುದು. ಬ್ಯಾಚ್ ಕರೆದ ಮೇಲೆ ಇದನ್ನು ಬಿಟ್ಟುಬಿಡಬೇಕು. ಆಗ ಜಿಗಿಯಬೇಕು, ಕಾಲು ಝಾಡಿಸಬೇಕು, ಎದೆ ಹೊಡೆದುಕೊಳ್ಳಲು ಬಿಡಬೇಕು.

ಆದರೂ ನನ್ನ ಅನುಭವದಲ್ಲಿ ಧ್ಯಾನದ ದೊಡ್ಡ ಲಾಭ ಪರೀಕ್ಷೆಯ ದಿನ ಸಿಗುವಂಥದ್ದಲ್ಲ. ಯಾವುದೋ ಒಂದು ಮಾಮೂಲಿ ಮಂಗಳವಾರ ಸಿಗುತ್ತದೆ.

ಇಲ್ಲಿನ ಹುಡುಗರು ದಿನಾ ಟ್ರಯಲ್ ಓಡುತ್ತಾರೆ. ಪ್ರತಿದಿನ 1600, ಪ್ರತಿದಿನ ಪೂರ್ತಿ ದಮ್ಮು ಹಾಕಿ. ನಿಧಾನ ಓಟ ಮಾಡು, ಪಕ್ಕದವನ ಜೊತೆ ಮಾತಾಡುತ್ತಾ ಓಡುವಷ್ಟು ನಿಧಾನ ಅಂದರೆ ಅವರಿಗೆ ಆಗುವುದೇ ಇಲ್ಲ. ಐದು ನಿಮಿಷದಲ್ಲಿ ಯಾರೋ ಒಬ್ಬ ಅರ್ಧ ಹೆಜ್ಜೆ ಮುಂದೆ ಹೋಗುತ್ತಾನೆ, ಉಳಿದವರು ಅವನನ್ನು ಹಿಡಿಯುತ್ತಾರೆ, ನಿಧಾನ ಓಟ ರೇಸ್ ಆಗಿಬಿಡುತ್ತದೆ. ಒಂದೆರಡು ತಿಂಗಳಲ್ಲಿ ಮೊಣಕಾಲ ಕೆಳಗಿನ ಎಲುಬು ನೋಯಲು ಶುರು. ಪೇನ್‌ಕಿಲ್ಲರ್ ನುಂಗಿ ಮತ್ತೆ ಟ್ರಯಲ್. ಟೈಮಿಂಗ್ ಇಳಿಯುವ ಬದಲು ಏರುತ್ತದೆ, ಹೆದರಿಕೆ ಇನ್ನೂ ಜಾಸ್ತಿ ಆಗುತ್ತದೆ, ಮತ್ತೆ ಇನ್ನೂ ಜೋರು. ಇವರಿಗೆ ಶಿಸ್ತು ಇಲ್ಲ ಅಂತ ನಾನು ಹೇಳಲಾರೆ, ಇಷ್ಟು ಶಿಸ್ತಿನ ಮಕ್ಕಳನ್ನು ನಾನು ಬೇರೆಲ್ಲೂ ನೋಡಿಲ್ಲ. ಇವತ್ತು ನಿಧಾನ ಓಡಿದರೆ ಹಿಂದೆ ಬಿದ್ದೆ ಅನ್ನುವ ದಿಗಿಲು ಅವರಿಗೆ, ಆ ದಿಗಿಲೇ ದಿನಾ ಅವರ ಪ್ರಾಕ್ಟೀಸ್ ನಿರ್ಧಾರ ಮಾಡುತ್ತಿರುತ್ತದೆ.

ಅದಕ್ಕೆ ಒಂದು ನೋಟ್‌ಬುಕ್ ಇಡಿಸಿದೆ. ನಾಲ್ಕು ರೌಂಡಿನ ಟೈಮಿಂಗ್, ನಿದ್ದೆ ಎಷ್ಟು, ಮತ್ತು ಬೆಳಗ್ಗೆ ಕೂತಾಗ ಒಳಗೆ ಏನಿತ್ತು ಅನ್ನೋದಕ್ಕೆ ಒಂದೇ ಒಂದು ಪದ. ಸವಣೂರು ಕಡೆಯ ಒಬ್ಬ ಹುಡುಗನ ಪುಸ್ತಕ ನನಗೆ ತುಂಬಾ ಕಲಿಸಿತು. "ಸಿಟ್ಟು" ಅಂತ ಬರೆದ ದಿನಗಳಲ್ಲೆಲ್ಲ ಅವನ ಮೊದಲ ರೌಂಡ್ ತುಂಬಾ ಜೋರು, ಮೂರನೆಯದು ತುಂಬಾ ಹಾಳು. "ಬ್ಯಾಸರ" ಅಂತ ಬರೆದ ದಿನ ನಾಲ್ಕೂ ರೌಂಡ್ ಹೆಚ್ಚುಕಡಿಮೆ ಸಮ, ಒಟ್ಟು ಟೈಮಿಂಗ್ ಕೂಡ ಚೆನ್ನಾಗಿತ್ತು! ಸಿಟ್ಟಿನ ದಿನಗಳು ಯಾವಾಗ ಬರುತ್ತವೆ ಅಂತ ಕೂತು ನೋಡಿದೆವು. ಹಿಂದಿನ ರಾತ್ರಿ ಮನೆಯಿಂದ ಫೋನ್ ಬಂದ ದಿನಗಳು. ಚಿಕ್ಕಪ್ಪನ ಮಗ ಸೇನೆಗೆ ಸೇರಿದ್ದಾನೆ, ಅಪ್ಪ ಪ್ರತಿ ಸಲ ಅದನ್ನೇ ಎತ್ತುತ್ತಾರೆ. ಅವನಿಗೆ ಇದು ಗೊತ್ತಿರಲಿಲ್ಲ ಅಂತಲ್ಲ, ಆದರೆ ಅದು ತನ್ನ ಮೊದಲ ರೌಂಡಿಗೆ ಬಂದು ಸೇರುತ್ತಿದೆ ಅನ್ನೋದು ಗೊತ್ತಿರಲಿಲ್ಲ. ಆಮೇಲೆ ಅವನು ಫೋನನ್ನು ಸಂಜೆಗೆ ಹಾಕಿಕೊಂಡ, ಸಿಟ್ಟು ಇದ್ದ ಬೆಳಗ್ಗೆ ಟ್ರಯಲ್ ಬಿಟ್ಟು ಕೆಲಗೇರಿ ಕೆರೆ ಕಡೆ ನಿಧಾನ ಓಡಿ ಬರುತ್ತಿದ್ದ. ಅಪ್ಪನ ಮೇಲಿನ ಸಿಟ್ಟು ಹೋಯಿತಾ? ಇಲ್ಲ. ಓಟಕ್ಕೆ ಬರೋದು ನಿಂತಿತು.

ನೋವಿನ ವಿಷಯದಲ್ಲೂ ಇದೇ ಗಮನ ಬೇಕು, ಇದನ್ನು ಒತ್ತಿ ಹೇಳುತ್ತೇನೆ. ಎರಡೂ ತೊಡೆಯಲ್ಲಿ ಸಮನಾಗಿ ಬರುವ ಉರಿ ದಣಿವಿನದು, ನಿಂತ ಸ್ವಲ್ಪ ಹೊತ್ತಿಗೆ ಹೋಗುತ್ತದೆ. ಒಂದೇ ಕಾಲಿನಲ್ಲಿ, ಎಲುಬಿನ ಮೇಲೆ ಬೆರಳಿಟ್ಟು ತೋರಿಸುವಂಥ ಒಂದೇ ಜಾಗದಲ್ಲಿ, ಚುಚ್ಚುವ ನೋವು ಬಂದರೆ ಅದು ಗಾಯದ್ದಿರಬಹುದು. ಅದನ್ನು ಧ್ಯಾನದಿಂದ ಸಹಿಸಬಾರದು. ನಿಲ್ಲಬೇಕು, ಡಾಕ್ಟರಿಗೆ ತೋರಿಸಬೇಕು. ಸಹಿಸುವ ಶಕ್ತಿ ಈ ಮಕ್ಕಳಿಗೆ ಬೇಕಾದ್ದಕ್ಕಿಂತ ಜಾಸ್ತಿಯೇ ಇದೆ, ಎಲ್ಲಿ ಸಹಿಸಬೇಕು ಎಲ್ಲಿ ನಿಲ್ಲಬೇಕು ಅನ್ನುವ ವಿವೇಕಕ್ಕೆ ಕೂತು ಮೈ ಗಮನಿಸುವ ಅಭ್ಯಾಸ ಬೇಕು.

ಹುಡುಗಿಯರ ಕಷ್ಟ ಬೇರೆ. 400 ಮೀಟರಿಗೆ 2 ನಿಮಿಷ ಅಂದರೆ ತಯಾರಿ ಇದ್ದವರಿಗೆ ಭಾರಿ ಅಲ್ಲ. ಆದರೆ ಕತ್ತಲಲ್ಲಿ ಒಬ್ಬರೇ ಬರೋ ಹಾಗಿಲ್ಲ, ಬೆಳಕಾದ ಮೇಲೆ ಬಂದರೆ ಮೈದಾನದ ಸುತ್ತ ನಿಂತು ನೋಡುವ ಕಣ್ಣುಗಳು. "ಎಲ್ಲಾರೂ ನನ್ನನ್ನ ನೋಡ್ತಾರ ಅನಿಸ್ತೈತ್ರಿ ಸರ, ಕಾಲ ತಡವರಸ್ತಾವು" ಅಂತ ಒಬ್ಬಳು ಹೇಳಿದಳು. ನೋಡುತ್ತಾರೆ ಅನ್ನೋದು ನಿಜವೇ, ಅದನ್ನು ಭ್ರಮೆ ಅಂತ ಹೇಳಿ ಅವಳನ್ನು ಸಮಾಧಾನ ಮಾಡೋದು ಅನ್ಯಾಯ. ನೋಡುವವರನ್ನು ಅಲ್ಲಿಂದ ಕಳಿಸೋದು ನಮ್ಮಂಥ ದೊಡ್ಡವರ ಕೆಲಸ, ಅದನ್ನು ನಾವು ಮಾಡುತ್ತೇವೆ. ಅವಳಿಗೆ ನಾನು ಹೇಳಿಕೊಟ್ಟದ್ದು ಪಾದ ನೆಲಕ್ಕೆ ತಾಗುವ ಸದ್ದನ್ನು ಕೇಳುತ್ತಾ ಓಡು ಅಂತ. ಗಮನಕ್ಕೆ ನಿಲ್ಲಲು ಒಂದು ಜಾಗ ಸಿಕ್ಕರೆ ಕಣ್ಣುಗಳ ಕಡೆ ಹೋಗೋದು ಕಡಿಮೆ ಆಗುತ್ತದೆ.

ಎಲ್ಲಕ್ಕಿಂತ ಕಷ್ಟದ ಭಾವನೆ ಬರೋದು ಫಿಸಿಕಲ್ ಫೇಲ್ ಆದ ಮೇಲೆ. ಎರಡು ಸೆಕೆಂಡಿಗೆ ಹೋದವನಿಗೆ ಏನು ಹೇಳುತ್ತೀರಿ? ಆ ದಿನ ನಾನು ಧ್ಯಾನದ ಮಾತೇ ಎತ್ತುವುದಿಲ್ಲ. ಅವತ್ತು ಕಣ್ಣು ಮುಚ್ಚಿ ಕೂತರೆ ಅದೇ ಓಟ ಮತ್ತೆ ಮತ್ತೆ ಕಾಣುತ್ತದೆ, ಗಾಯ ಇನ್ನೂ ಆಳ ಆಗಬಹುದು. ಅವನಿಗೆ ಊಟ ಬೇಕು, ಜೊತೆಗೆ ಒಬ್ಬ ಮನುಷ್ಯ ಬೇಕು, ನಿದ್ದೆ ಬೇಕು. ರೂಮಿನಲ್ಲಿ ಒಬ್ಬನೇ ಬಿಡಬಾರದು. ವಾರಗಟ್ಟಲೆ ನಿದ್ದೆ ಬರದಿದ್ದರೆ, ಬದುಕೇ ಬೇಡ ಅನ್ನುವ ಮಾತು ಬಾಯಿಗೆ ಬಂದರೆ, ಅದು ಕೋಚ್ ಕೈಯಲ್ಲಿ ಆಗುವ ಕೆಲಸ ಅಲ್ಲ. ಧಾರವಾಡದಲ್ಲೇ ಮಾನಸಿಕ ಆರೋಗ್ಯದ ಡಿಮ್ಹಾನ್ಸ್ ಆಸ್ಪತ್ರೆ ಇದೆ. ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಪುಕ್ಕಟೆ ಫೋನ್ ಮಾಡಬಹುದು, ಕನ್ನಡದಲ್ಲೇ ಮಾತಾಡಬಹುದು. ಈ ನಂಬರನ್ನು ನಮ್ಮ ಹುಡುಗರ ನೋಟ್‌ಬುಕ್ಕಿನ ಮೊದಲ ಪುಟದಲ್ಲೇ ಬರೆಸುತ್ತೇನೆ, ಟೈಮಿಂಗ್‌ಗಿಂತ ಮುಂಚೆ.

ಸ್ವಲ್ಪ ಚೇತರಿಸಿಕೊಂಡ ಮೇಲೆ ಮತ್ತೆ ಮೆಟ್ಟಿಲ ಮೇಲೆ ಐದು ನಿಮಿಷದಿಂದ ಶುರು. ಆಗ ಬರುವ ಪದ ಬಹುತೇಕ "ನಾಚಿಕೆ". ಅದನ್ನು ಬರೆಯಲಿ, ತಪ್ಪೇನಿಲ್ಲ. ಕೆಲವು ವಾರ ವಾಚ್ ಇಲ್ಲದ ಓಟ ಮಾತ್ರ ಕೊಡುತ್ತೇನೆ, ಹೊಸಬರ ಜೊತೆ, ಮಾತಾಡಿಕೊಂಡು ಓಡುವಷ್ಟು ನಿಧಾನ. ಸವಣೂರಿನ ಆ ಹುಡುಗ ಸದ್ಯ ಇದೇ ಹಂತದಲ್ಲಿದ್ದಾನೆ. ಹೋದ ಸಲ ಅವನಿಗೆ ಆಗಲಿಲ್ಲ. ಮುಂದಿನ ಭರ್ತಿಗೆ ಅವನ ವಯಸ್ಸು ಇನ್ನೂ ಮಿತಿಯೊಳಗೇ ಇದೆ. ಈಗ ವಾರಕ್ಕೆ ಒಂದೇ ಟ್ರಯಲ್ ಕೇಳುತ್ತಿದ್ದಾನೆ, ಅದನ್ನೂ ಶನಿವಾರಕ್ಕೆ ಹಾಕಿ ಅಂತ ತಾನೇ ಹೇಳಿದ. ಮೊದಲ ರೌಂಡ್ 82ಕ್ಕೆ ಓಡುವುದನ್ನು ಬಿಟ್ಟು ಬೇರೆ ಗುರಿ ಸದ್ಯಕ್ಕೆ ಕೊಟ್ಟಿಲ್ಲ.